ಅಚ್ಚಿಲ್ಲದ ಎರಕ

ಹೋದ ಸಂಚಿಕೆಯಲ್ಲಿ ಮನೆಯ ಗೀಸರಿನ ವಿಚಾರ ಬರೆದಿದ್ದೆ. ಅದನ್ನು ಓದಿದ ಹಿರಿಯ ಸದಸ್ಯೆಯೊಬ್ಬರು ಸಂಘದ ಯುಗಾದಿ ಕೂಟದಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ನಿಮ್ಮ ಯಂತ್ರಗಳ ಮಾತು ಸಾಕು, ಈ ಸಲವಾದರೂ ತಿಂಡಿ ತೀರ್ಥದ ವಿಚಾರ ಬರೆಯಿರಿ" ಎಂದು ಆಜ್ಞೆ ಮಾಡಿದರು. ಆಜ್ಞೆಯನ್ನು ಪಾಲಿಸುವ ಮನಸ್ಸಿನಿಂದಲೇ ಈ ಲೇಖನವನ್ನು ಹೋಟೆಲಿನಿಂದ ಆರಂಭಿಸುತ್ತಿದ್ದೇನೆ. ಅದು ಎಲ್ಲಿಗೆ ಹೋಗಿ ಮುಟ್ಟುವುದೆಂಬುದಕ್ಕೆ ಮಾತ್ರ ನಾನು ಹೊಣೆಯಲ್ಲ.

ಬಾಂದ್ರಾದ ಹಿಲ್ ರೋಡಿನಿಂದ ಒಳಗಿನ ಗಲ್ಲಿಗಳಿಗೆ ತಿರುಗಿದರೆ ಹಳೆಯ ಬಂಗಲೆಗಳೆಲ್ಲ ಕಾಫಿ ಮಂದಿರಗಳಾಗಿರುವುದನ್ನು ತಾವು ಕಂಡಿದ್ದೀರಿ. ನಮ್ಮಂಥ ಹಳಬರು ಅಲ್ಲಿಗೆ ತಾವಾಗಿ ಹೋಗುವವರಲ್ಲ. ಮೊಮ್ಮಕ್ಕಳು ಕೈ ಹಿಡಿದು ಎಳೆದರೆ ಹೋಗುತ್ತೇವೆ. ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಲ್ಲಿ ಇಂಜಿನಿಯರಳಾಗಿದ್ದಾಳೆ. ಗೋರೆಗಾಂವಿನಲ್ಲಿ ಯಂತ್ರಗಳ ಪ್ರದರ್ಶನ ನೋಡಲು ಬಂದವಳು ಮೂರು ದಿನ ನಮ್ಮಲ್ಲಿ ಉಳಿದಳು. ಆಕೆಯೇ ನನ್ನನ್ನು ಅಂಥ ಒಂದು ಕಾಫಿ ಮಂದಿರಕ್ಕೆ ಕರೆದುಕೊಂಡು ಹೋದದ್ದು.

ಕುರ್ಚಿಯಲ್ಲಿ ಕುಳಿತು ತಲೆಯೆತ್ತಿದೆ. ಎದುರಿನ ಗೋಡೆಯ ಮೇಲೆ, ದೇವರ ಪಟ ಇರಬೇಕಾದ ಎತ್ತರದಲ್ಲಿ, ಒಂದು ಮರದ ಚಕ್ರವನ್ನು ಮೊಳೆ ಹೊಡೆದು ತೂಗುಹಾಕಿದ್ದರು. ನಡುವೆ ಗುಂಬ, ಅದರಿಂದ ಹೊರಟ ಆರು ಬಾಗಿದ ರೆಕ್ಕೆಗಳು, ಅಂಚಿನಲ್ಲಿ ಮಾಸಿದ ಹಳದಿ ಬಣ್ಣ. ಕಾಫಿ ತಂದ ಹುಡುಗನನ್ನು ಅದೇನೆಂದು ಕೇಳಿದೆ. "ಹಡಗಿನ ಚಕ್ರ ಸಾಹೇಬ್, ಆಂಟಿಕ್, ಚೋರ್ ಬಜಾರಿನಿಂದ ತಂದದ್ದು" ಎಂದ.

"ಹಡಗಿಂದಲ್ಲ ಅಜ್ಜಾ, ಅದು ಪಂಪಿನ ಇಂಪೆಲರ್ ಅಲ್ಲೇನ್ರಿ?" ಎಂದಳು ಮೊಮ್ಮಗಳು. "ಆದ್ರ ಕಟ್ಟಿಗೀಲೆ ಯಾಕ ಮಾಡ್ಯಾರ?"

"ಅದು ಇಂಪೆಲರ್ ಅಲ್ಲವ್ವಾ, ಇಂಪೆಲರಿನ ಪ್ಯಾಟರ್ನು. ಇಂಥವು ಎಷ್ಟು ಮಾಡೀನೋ ನನಗ ಲೆಕ್ಕಾನೇ ಇಲ್ಲ."

"ಕಾಲೇಜಿನ ಪುಸ್ತಕದಾಗ ಚಿತ್ರ ನೋಡಿದ್ದೆ. ಕಣ್ಣಾರೆ ನೋಡಿದ್ದು ಇವತ್ತ."

ಹೊಸ ವಾಚಕರಿಗೆ ಒಂದು ಮಾತು ಹೇಳಬೇಕು. ನಮ್ಮ ತಂದೆಯವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಡಿಗರಾಗಿದ್ದರು. ೧೮೮೫ರಲ್ಲಿ ಆರಂಭವಾದ ಆ ಕಾರ್ಖಾನೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ನಾನು ೧೯೬೯ರಲ್ಲಿ ಮುಂಬಯಿಗೆ ಬಂದು ಕುರ್ಲಾ ಕಡೆಯ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿ ಸೇರಿ ಅಲ್ಲಿಯೇ ನಿವೃತ್ತನಾದೆ. ಪ್ಯಾಟರ್ನು ಎಂದರೆ ಎರಕದ ಮಾದರಿ. ಲೋಹದಲ್ಲಿ ಆಗಬೇಕಾದ ವಸ್ತುವನ್ನು ಮೊದಲು ತೇಗದ ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಹುದುಗಿಸಿ ದಮ್ಮಸು ಹಾಕಿ ಹೊರಗೆ ತೆಗೆದರೆ ಮರಳಿನಲ್ಲಿ ಅದರ ಗೂಡು ಉಳಿಯುತ್ತದೆ. ಆ ಗೂಡಿಗೆ ಕರಗಿದ ಲೋಹವನ್ನು ಹೊಯ್ಯುವುದು. ವಸ್ತುವಿನ ಒಳಗೆ ಪೊಳ್ಳು ಬೇಕಾದರೆ ಆ ಪೊಳ್ಳಿನ ಆಕಾರದ ಮರಳಿನ ಗಟ್ಟಿಯೊಂದನ್ನು ಬೇರೆಯಾಗಿ ಮಾಡಿ ಗೂಡಿನೊಳಗೆ ಕೂರಿಸಬೇಕು. ಅದಕ್ಕೆ ಕೋರ್ ಎನ್ನುತ್ತೇವೆ. ಗೋಡೆಯ ಮೇಲಿದ್ದ ಆ ಹಳದಿ ಬಣ್ಣ ಅಲಂಕಾರಕ್ಕೆ ಬಳಿದದ್ದಲ್ಲ. ನಮ್ಮ ಷಾಪಿನಲ್ಲಿಯೂ ಹಳದಿಯೆಂದರೆ ಕೋರ್ ಕೂರುವ ಜಾಗವೆಂದು ಗುರುತು.

ಈ ಕೆಲಸದಲ್ಲಿ ಮರ ಕೆತ್ತುವುದು ಅಷ್ಟೇನೂ ಕಷ್ಟವಲ್ಲ. ಸುಳ್ಳು ಅಳತೆ ಇಡುವುದು ಕಷ್ಟ. ಲೋಹವು ಆರಿದಂತೆ ಕುಗ್ಗುತ್ತದೆ. ಬೀಡುಕಬ್ಬಿಣವಾದರೆ ನೂರಕ್ಕೆ ಒಂದರಷ್ಟು, ಉಕ್ಕಾದರೆ ಹೆಚ್ಚುಕಡಮೆ ನೂರಕ್ಕೆ ಎರಡರಷ್ಟು, ಗನ್‌ಮೆಟಲ್ ಇವೆರಡರ ನಡುವೆ. ಆದುದರಿಂದ ಪ್ಯಾಟರ್ನು ಮಾಡುವವನ ಅಳತೆಪಟ್ಟಿಯೇ ಬೇರೆ. ಉಕ್ಕಿನ ಕೆಲಸದ ಪಟ್ಟಿಯಲ್ಲಿ ನೂರು ಮಿಲಿಮೀಟರ್ ಎಂದು ಬರೆದಿದ್ದರೆ ಅದರ ನಿಜವಾದ ಉದ್ದ ನೂರಾ ಎರಡು. ಮದುವೆಯಾದ ಹೊಸದರಲ್ಲಿ ನನ್ನ ಮನೆಯವರು ಆ ಪಟ್ಟಿಯಿಂದ ಕಿಟಕಿಯ ಪರದೆಗೆ ಬಟ್ಟೆ ಅಳೆದು, ಅಂಗಡಿಯವನು ಕಡಮೆ ಕೊಟ್ಟನೆಂದು ಬೇಸರಪಟ್ಟದ್ದುಂಟು.

ನನ್ನ ಪುರಾಣವನ್ನು ಇಷ್ಟು ಕೇಳಿದ ಮೇಲೆ ಮೊಮ್ಮಗಳು ತನ್ನ ಕೆಲಸವನ್ನು ವಿವರಿಸಿದಳು. ಇಂಗ್ಲಿಷಿನಲ್ಲಿ ಅದಕ್ಕೆ ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎಂದು ಹೆಸರು. ಜನರ ಬಾಯಲ್ಲಿ ತ್ರೀ-ಡಿ ಪ್ರಿಂಟಿಂಗ್. ಪ್ಲಾಸ್ಟಿಕ್ಕಿನ ಗಣಪತಿ ಮೊದಲಾದುವನ್ನು ಮಾಡುವ ಚಿಕ್ಕ ಯಂತ್ರವನ್ನು ಮಕ್ಕಳು ಶಾಲೆಯಲ್ಲಿ ನೋಡಿರುತ್ತಾರೆ. ೨೦೨೩ರಲ್ಲಿ ಬೆಂಗಳೂರಿನ ಕೇಂಬ್ರಿಜ್ ಲೇಔಟಿನಲ್ಲಿ ಇದೇ ತತ್ವದಿಂದ ಕಾಂಕ್ರೀಟನ್ನು ಪದರ ಪದರವಾಗಿ ಸುರಿದು ಅಂಚೆ ಕಚೇರಿಯೊಂದನ್ನೇ ಕಟ್ಟಿದರು. ಈಕೆಯದು ಲೋಹದ ಕೆಲಸ.

ಅದು ನಡೆಯುವ ರೀತಿಯನ್ನು ನಮ್ಮ ಮಹಿಳಾ ವಾಚಕರು ನನಗಿಂತ ಬೇಗ ಗ್ರಹಿಸುವರು, ಏಕೆಂದರೆ ಅದು ಒಂದು ಬಗೆಯ ರಂಗೋಲಿ. ಗಾಳಿ ಸೇರದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಆರ್ಗಾನ್ ಅನಿಲ ತುಂಬಿರುತ್ತದೆ. ಒಳಗೆ ಒಂದು ಲೋಹದ ಮಣೆ. ಅದರ ಮೇಲೆ ಮೈದಾ ಹಿಟ್ಟಿನಷ್ಟು ನುಣ್ಣನೆಯ ಲೋಹದ ಪುಡಿಯನ್ನು ಒಂದು ಅಲಗು ಸಮನಾಗಿ ಎಳೆಯುತ್ತದೆ. ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲೋ ಆರು ಪಾಲೋ ಇದ್ದೀತು, ತಲೆಗೂದಲಿಗಿಂತ ತೆಳುವೆನ್ನಬಹುದು. ಮೇಲಿನಿಂದ ಲೇಸರ್ ಕಿರಣವು ಆ ಪುಡಿಯ ಮೇಲೆ, ವಸ್ತುವಿನ ಆ ಎತ್ತರದ ಸೀಳುನೋಟ ಹೇಗಿರಬೇಕೋ ಹಾಗೆ ಗೆರೆ ಎಳೆಯುತ್ತದೆ. ಕಿರಣ ಹಾದಲ್ಲಿ ಪುಡಿ ಕರಗಿ ಗಟ್ಟಿಯಾಗುತ್ತದೆ, ಉಳಿದದ್ದು ಪುಡಿಯಾಗಿಯೇ ಇರುತ್ತದೆ. ಮಣೆ ಒಂದು ಪದರದಷ್ಟು ಕೆಳಗಿಳಿಯುತ್ತದೆ. ಮತ್ತೆ ಪುಡಿ, ಮತ್ತೆ ಗೆರೆ. ನಲವತ್ತು ಮಿಲಿಮೀಟರ್ ಎತ್ತರದ ಒಂದು ಚಕ್ರಕ್ಕೆ, ಪದರ ೦.೦೪ ಮಿಲಿಮೀಟರ್ ಆದರೆ, ಸಾವಿರ ರಂಗೋಲಿ. ಕೊನೆಗೆ ಪುಡಿಯನ್ನು ಗುಡಿಸಿದರೆ ನಡುವೆ ವಸ್ತು ಸಿದ್ಧ. ಅಚ್ಚಿಲ್ಲ, ಮರಳಿಲ್ಲ, ಕೋರ್ ಇಲ್ಲ, ಮರವಂತೂ ಇಲ್ಲವೇ ಇಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ, "ಕುಗ್ಗು ಎಷ್ಟು ಬಿಡ್ತೀರಿ?" ಎಂಬುದು.

ಆಕೆ ನಕ್ಕಳು. "ಅದೇ ನಮ್ಮ ತಲೆಬ್ಯಾನಿ ಅಜ್ಜಾ. ಎಲ್ಲಾ ಕಡೆ ಒಂದೇ ಸಮ ಕುಗ್ಗಿದ್ರ ನಿಮ್ಮ ಪಟ್ಟೀನ ಸಾಕಾಗ್ತಿತ್ತು. ಇಲ್ಲಿ ಪದರಕ್ಕೊಂದು ಸಲ ಕಾಯ್ತದ, ಪದರಕ್ಕೊಂದು ಸಲ ಆರ್ತದ. ಕೆಳಗಿನ ಪದರ ಜಗ್ತದ, ಮ್ಯಾಲಿಂದು ಸೊಟ್ಟ ಆಗ್ತದ."

ಇದಕ್ಕಾಗಿ ಅವರು ವಸ್ತುವನ್ನು ಮಣೆಯಿಂದ ಕತ್ತರಿಸುವ ಮೊದಲೇ ಮಣೆಯೊಡನೆಯೇ ಕುಲುಮೆಯಲ್ಲಿ ಕಾಯಿಸಿ ಒಳಗಿನ ಬಿಗಿತವನ್ನು ಸಡಿಲಿಸುತ್ತಾರಂತೆ. ನಾವೂ ದೊಡ್ಡ ಎರಕಗಳನ್ನು ಹಾಗೆಯೇ ಕಾಯಿಸುತ್ತಿದ್ದೆವು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಲೋಹದ ಸ್ವಭಾವ ಇನ್ನೂ ಹಳೆಯದೇ ಇದೆ.

ಈ ಯಂತ್ರ ವಿದ್ಯುದಾಗಾರಗಳಿಗೆ ಏಕೆ ಬೇಕಾಯಿತೆಂಬುದಕ್ಕೆ ಸ್ವಂತ ಅನುಭವವೊಂದನ್ನು ಹೇಳುತ್ತೇನೆ. ೧೯೮೬ರ ಮಳೆಗಾಲದಲ್ಲಿ ಒಂದು ವಿದ್ಯುದಾಗಾರದ ಮಂದಿ ಗೋಣಿಚೀಲದಲ್ಲಿ ಒಂದು ಸವೆದ ಇಂಪೆಲರನ್ನು ಹೊತ್ತು ತಂದರು. ತಣ್ಣೀರಿನ ಪಂಪಿನದು. ನಮ್ಮ ಸೊಸೈಟಿಯ ಪಂಪು ನೀರನ್ನು ತಾರಸಿಗೆ ಏರಿಸುವಂತೆಯೇ ವಿದ್ಯುದಾಗಾರದಲ್ಲಿಯೂ ಹತ್ತಾರು ಪಂಪುಗಳು ಹಗಲಿರುಳು ತಿರುಗುತ್ತಿರುತ್ತವೆ. ಟರ್ಬೈನು ಎಷ್ಟು ದೊಡ್ಡದಾದರೇನು, ಅಂಗೈಯಗಲದ ಇಂಪೆಲರೊಂದು ತಿಂದುಹೋದರೆ ಎಲ್ಲರೂ ಅದರ ಮುಂದೆ ಕೈಕಟ್ಟಿ ನಿಲ್ಲಬೇಕು. ಅದನ್ನು ಮಾಡಿದ ವಿದೇಶದ ಕಂಪನಿ ಬಾಗಿಲು ಹಾಕಿ ವರ್ಷಗಳಾಗಿದ್ದುವು. ನಕ್ಷೆಯೂ ಇಲ್ಲ. ಸವೆದ ತುಂಡನ್ನೇ ನೋಡಿ, ಸವೆಯದಿದ್ದಾಗ ಹೇಗಿತ್ತೆಂದು ಊಹಿಸಿ ನಾನು ಪ್ಯಾಟರ್ನು ಮಾಡಿದೆ. ಮೊದಲನೆಯ ಎರಕದಲ್ಲಿ ಕೋರ್ ಜರುಗಿ ಒಂದು ಕಡೆಯ ಗೋಡೆ ಕಾಗದದಂತಾಯಿತು. ಎರಡನೆಯದರಲ್ಲಿ ಗಾಳಿಗುಳ್ಳೆ. ಮೂರನೆಯದು ನಿಂತಿತು. ಅಷ್ಟರಲ್ಲಿ ಏಳು ವಾರ ಕಳೆದಿದ್ದುವು. ಆ ಏಳು ವಾರ ಅಲ್ಲಿಯ ಒಬ್ಬ ಮೇಲ್ವಿಚಾರಕರು ದಿನ ಬಿಟ್ಟು ದಿನ ನಮ್ಮ ಷಾಪಿಗೆ ಬಂದು ನನ್ನ ಬೆನ್ನ ಹಿಂದೆ ಮಾತಿಲ್ಲದೆ ನಿಂತಿರುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಇದೇ ಕಥೆ ಯೂರೋಪಿನಲ್ಲಿಯೂ ನಡೆದಿದೆ, ಮುಕ್ತಾಯ ಮಾತ್ರ ಬೇರೆ. ಸ್ಲೊವೇನಿಯ ದೇಶದ ಕ್ರ್ಷ್ಕೊ ಎಂಬಲ್ಲಿಯ ಪರಮಾಣು ವಿದ್ಯುದಾಗಾರದಲ್ಲಿ ಬೆಂಕಿ ಆರಿಸುವ ನೀರಿನ ಪಂಪಿನ ಇಂಪೆಲರು ೧೯೮೧ರಿಂದ ಕೆಲಸಮಾಡಿತ್ತು. ವ್ಯಾಸ ಕೇವಲ ೧೦೮ ಮಿಲಿಮೀಟರ್. ಮಾಡಿದ ಕಂಪನಿ ಅಲ್ಲಿಯೂ ಇಲ್ಲವಾಗಿತ್ತು. ಸೀಮೆನ್ಸ್ ಕಂಪನಿಯವರು ಹಳೆಯದನ್ನು ಅಳೆದು ಗಣಕಯಂತ್ರದಲ್ಲಿ ಅದರ ರೂಪ ಕಟ್ಟಿ ಲೋಹದ ಪುಡಿಯಿಂದ ಹೊಸದನ್ನು ಮುದ್ರಿಸಿದರು. ಎಕ್ಸ್-ರೇ ಜಾತಿಯ ಸಿ.ಟಿ. ಪರೀಕ್ಷೆಯಿಂದ ಒಡಲನ್ನೆಲ್ಲ ನೋಡಿ ಒಪ್ಪಿಗೆಯಾದ ಮೇಲೆ ಕೂರಿಸಿದರು. ೨೦೧೭ರಲ್ಲಿ ಈ ಸುದ್ದಿ ಪ್ರಕಟವಾಯಿತು. ಪರಮಾಣು ಸ್ಥಾವರದವರು ಒಂದು ಹೊಸ ಮೊಳೆಯನ್ನು ಒಳಗೆ ಬಿಡಬೇಕಾದರೂ ನೂರು ಕಾಗದ ಕೇಳುವವರು. ಅವರೇ ಇದನ್ನು ಒಪ್ಪಿದರೆಂಬುದು ಚಿಕ್ಕ ಮಾತಲ್ಲ.

ನಮ್ಮ ಕನ್ನಡ ನಾಡಿಗೆ ಬಿಡಿಭಾಗದ ಈ ಚಿಂತೆ ವಿದ್ಯುತ್ತಿನೊಡನೆಯೇ ಬಂದದ್ದು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಶಕ್ತಿ ಕೊಟ್ಟಾಗ ನೀರಿನ ಯಂತ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನವು. ಕಾವೇರಿಯ ದಡದಲ್ಲಿ ಏನು ಮುರಿದರೂ ಸಮುದ್ರದಾಚೆಗೆ ಕಾಗದ ಬರೆಯಬೇಕು. ಸ್ವಾರಸ್ಯವೆಂದರೆ, ಎಷರ್ ವೀಸ್ ಪರಂಪರೆಯ ಜಲಯಂತ್ರ ವಿಭಾಗ ಇಂದು ಆಸ್ಟ್ರಿಯದ ಆಂಡ್ರಿಟ್ಸ್ ಕಂಪನಿಯಲ್ಲಿ ಸೇರಿಹೋಗಿದೆ. ಆ ಪರಂಪರೆಯವರು ಪೆಲ್ಟನ್ ಚಕ್ರದ ಬಟ್ಟಲುಗಳನ್ನು ಬಡಿದ ಉಕ್ಕಿನ ತಟ್ಟೆಯ ಅಂಚಿನಲ್ಲಿ ಬೆಸುಗೆಯ ಮೇಲೆ ಬೆಸುಗೆ ಹಾಕಿ ಪದರವಾಗಿ ಬೆಳೆಸುವ ವಿಧಾನವನ್ನು, ತ್ರೀ-ಡಿ ಪ್ರಿಂಟಿಂಗ್ ಎಂಬ ಮಾತು ಮನೆಮಾತಾಗುವುದಕ್ಕೆ ಮೊದಲೇ ಕಂಡುಕೊಂಡಿದ್ದರು. ಗೆದ್ದಲು ಹುತ್ತ ಕಟ್ಟುವ ವಿದ್ಯೆಯೂ ಅದೇ ಅಲ್ಲವೇ?

ಕಾಫಿ ಆರಿಹೋಗಿತ್ತು. ಮೊಮ್ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು, ಮುಖ ಸಪ್ಪಗಾಗಿತ್ತು. ಆಕೆಯ ಕಂಪನಿಗೂ ಒಂದು ವಿದ್ಯುದಾಗಾರದಿಂದ ಹಳೆಯ ಇಂಪೆಲರು ಬಂದಿದೆ. ಎರಡೂ ಪಕ್ಕ ಮುಚ್ಚಿದ್ದು, ರೆಕ್ಕೆಗಳು ಎರಡು ತಟ್ಟೆಗಳ ನಡುವೆ ಅಡಗಿರುವಂಥದು. ಈಕೆ ಅದನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಇದ್ದುದನ್ನು ಇದ್ದಂತೆಯೇ ಮುದ್ರಿಸಿದಳು. ಎರಡು ಸಲ ಕೆಟ್ಟಿತು. ದುಬಾರಿ ಪುಡಿ, ಯಂತ್ರದ ಬಾಡಿಗೆ, ಮೇಲಿನವರ ಮುಖ. ಹೊಸದಾಗಿ ಸೇರಿದ ಹುಡುಗಿಗೆ ಎರಡು ಸೋಲು ಹೆಚ್ಚೇ. ಮೂರನೆಯದು ಕೆಟ್ಟರೆ ಆ ಕೆಲಸವನ್ನು ಬೇರೆಯವರಿಗೆ ಕೊಡುವರಂತೆ.

ಕೆಟ್ಟದ್ದು ಹೇಗೆಂದರೆ, ಕೆಳಗೆ ಆಸರೆಯಿಲ್ಲದೆ ಅಡ್ಡಲಾಗಿ ಚಾಚಿದ ಭಾಗವನ್ನು ಈ ವಿಧಾನದಲ್ಲಿ ಕಟ್ಟಲಾಗುವುದಿಲ್ಲ. ಕೆಳಗೆ ಬರಿಯ ಪುಡಿಯಿದ್ದರೆ ಕರಗಿದ ಲೋಹ ಅದರೊಳಕ್ಕೆ ಇಳಿದು ಸುಕ್ಕಾಗುತ್ತದೆ. ನಲವತ್ತೈದು ಡಿಗ್ರಿಗಿಂತ ಹೆಚ್ಚು ಮಲಗಿದ್ದೆಲ್ಲಕ್ಕೂ ಸಾಮಾನ್ಯವಾಗಿ ಊರುಗೋಲು ಕೊಡಬೇಕು, ಆಮೇಲೆ ಆ ಊರುಗೋಲನ್ನು ಕತ್ತರಿಸಿ ತೆಗೆಯಬೇಕು. ಮುಚ್ಚಿದ ಇಂಪೆಲರಿನ ಮೇಲಿನ ತಟ್ಟೆ ಪೂರ್ತಿ ಅಡ್ಡಲಾಗಿದೆ. ಊರುಗೋಲನ್ನು ಒಳಗೆ ಕೊಟ್ಟರೆ ತೆಗೆಯಲು ಕೈ ಹೋಗದು. ಕೊಡದಿದ್ದರೆ ತಟ್ಟೆ ಜೋಲುತ್ತದೆ.

"ಈ ತಟ್ಟಿ ಇಷ್ಟು ಸಪಾಟ ಯಾಕ ಐತಿ?" ಎಂದು ನಾನು ಕೇಳಿದೆ.

"ಹಳೇದರಾಗ ಹಂಗ ಇತ್ತು, ಅದಕ್ಕ."

"ಹಳೇದರಾಗ ಯಾಕ ಹಂಗಿತ್ತು?"

ಆಕೆ ಸುಮ್ಮನಾದಳು. ನಾನು ಕಾಗದದ ಕರವಸ್ತ್ರದ ಮೇಲೆ ಚಿತ್ರ ಬರೆದೆ. ಅಂಥ ತುಂಡುಗಳನ್ನು ಬದುಕಿಡೀ ಮಾಡಿದವನಿಗೆ ಕಾಣುವುದು ಬೇರೆ. ಗೋಡೆ ಐದು ಮಿಲಿಮೀಟರ್ ಇರುವುದು ನೀರಿಗಾಗಿ ಅಲ್ಲ. ಅದಕ್ಕಿಂತ ತೆಳುವಾದರೆ ಹೊಯ್ದ ಲೋಹ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟುವುದೆಂಬ ಭಯಕ್ಕಾಗಿ. ಪಕ್ಕಗಳು ಸ್ವಲ್ಪ ಓರೆಯಾಗಿರುವುದು, ಪ್ಯಾಟರ್ನನ್ನು ಮೇಲೆತ್ತುವಾಗ ಮರಳು ಕುಸಿಯದಿರಲಿ ಎಂದು. ಗುಂಬದ ಬಳಿ ಒಂದು ಹಿಡಿ ಲೋಹ ಹೆಚ್ಚಾಗಿರುವುದು, ಮೇಲಿನಿಂದ ಲೋಹ ಇಳಿದು ಒಳಗಿನ ಪೊಳ್ಳನ್ನು ತುಂಬಲಿ ಎಂದು. ಮುಖದ ಮೇಲೆ ಮೂರು ಮಿಲಿಮೀಟರ್ ಮಿಕ್ಕಿರುವುದು ಲೇತಿನವನಿಗಾಗಿ. ತಟ್ಟೆ ಸಪಾಟಾಗಿರುವುದು ಕೋರ್ ಪೆಟ್ಟಿಗೆಯನ್ನು ಮಾಡುವ ನನ್ನಂಥವನ ಸೌಕರ್ಯಕ್ಕಾಗಿ. ಆ ಇಂಪೆಲರಿನಲ್ಲಿ ಪಂಪಿಗೆ ಬೇಕಾದದ್ದು ಅರ್ಧ, ಫೌಂಡ್ರಿಗೆ ಬೇಕಾದದ್ದು ಅರ್ಧ. ಈಕೆ ಫೌಂಡ್ರಿಯಿಲ್ಲದ ಕಡೆ ಫೌಂಡ್ರಿಯ ಅರ್ಧವನ್ನೂ ಭಕ್ತಿಯಿಂದ ಮುದ್ರಿಸಿದ್ದಳು.

ತಟ್ಟೆಯನ್ನು ನಡುವಿನಿಂದ ಅಂಚಿಗೆ ಇಳಿಜಾರು ಮಾಡಿದರೆ ಅದು ಛತ್ರಿಯ ಹಾಗೆ ತನ್ನ ಭಾರವನ್ನು ತಾನೇ ಹೊತ್ತುಕೊಂಡು ಬೆಳೆಯಬಹುದು. ನೀರಿನ ದಾರಿಯೂ ಕೆಡದಂತೆ ನೋಡಿಕೊಳ್ಳಬೇಕು, ಅಷ್ಟೆ. ಇದನ್ನು ಹೇಳಿಕೊಟ್ಟವನು ನಾನಲ್ಲ. ನಾನು "ಇದು ಯಾರಿಗಾಗಿ" ಎಂದು ಒಂದೊಂದೇ ಗೆರೆಯನ್ನು ಕೇಳುತ್ತ ಹೋದೆ. ಛತ್ರಿಯ ಉಪಾಯ ಆಕೆಗೆ ತಾನಾಗಿ ಹೊಳೆಯಿತು. ಆ ಕರವಸ್ತ್ರವನ್ನು ಆಕೆ ಮಡಿಸಿ ಚೀಲದಲ್ಲಿಟ್ಟುಕೊಂಡಳು.

ಈ ವಿದ್ಯೆಯಿಂದ ನಿಜವಾದ ಲಾಭ ಪಡೆದವರೆಲ್ಲ ಮಾಡಿದ್ದು ಇದನ್ನೇ. ನಮ್ಮ ಮುಂಬಯಿಯ ಎದುರು ದಡದಲ್ಲಿ ಉರಣದಲ್ಲಿರುವಂಥ ಗ್ಯಾಸ್ ಟರ್ಬೈನನ್ನು ತೆಗೆದುಕೊಳ್ಳಿ. ಅನಿಲವನ್ನು ಗಾಳಿಯೊಡನೆ ಬೆರೆಸಿ ಉರಿಸುವ ಬರ್ನರ್ ಅದರ ಬಾಯಿ. ಸ್ವೀಡನ್ನಿನ ಫಿನ್‌ಸ್ಪಾಂಗ್ ಊರಿನಲ್ಲಿ ಸೀಮೆನ್ಸ್‌ನವರು ಹಿಂದೆ ಒಂದು ಬರ್ನರಿನ ತಲೆಯನ್ನು ೧೩ ತುಂಡುಗಳಿಂದ, ೧೮ ಬೆಸುಗೆಗಳಿಂದ ಜೋಡಿಸುತ್ತಿದ್ದರು. ಈಗ ಅದು ಒಂದೇ ತುಂಡು. ಇಂಧನದ ಕಾಲುವೆಗಳು ಗೋಡೆಯ ಒಳಗೇ ಹರಿಯುವುವು. ಕೊಳವೆಯನ್ನು ಹೊರಗಿನಿಂದ ಬೆಸೆಯುವ ಪ್ರಮೇಯವೇ ಇಲ್ಲ. ಉರಿದು ಹಾಳಾದ ಬರ್ನರುಗಳ ರಿಪೇರಿಯಲ್ಲಿಯೂ ತುದಿಯನ್ನಷ್ಟೇ ಕತ್ತರಿಸಿ, ಉಳಿದ ಮೋಟಿನ ಮೇಲೆ ಹೊಸ ತುದಿಯನ್ನು ಪುಡಿಯಿಂದ ಬೆಳೆಸುತ್ತಾರೆ. ೨೦೧೭ರಲ್ಲಿಯೇ ಅವರು ಮುದ್ರಿಸಿದ ಟರ್ಬೈನ್ ಅಲಗುಗಳನ್ನು ಇಂಗ್ಲೆಂಡಿನ ಲಿಂಕನ್ನಿನಲ್ಲಿ ನಿಮಿಷಕ್ಕೆ ೧೩,೦೦೦ ಸುತ್ತು ತಿರುಗಿಸಿ, ೧,೨೫೦ ಡಿಗ್ರಿ ಸೆಲ್ಸಿಯಸ್ಸಿಗೆ ಮೀರಿದ ಬಿಸಿಯಲ್ಲಿ ಪೂರ್ಣ ಹೊರೆ ಹಾಕಿ ನೋಡಿದರು. ಅಂಥ ಬೆಂಕಿಯಲ್ಲಿ ಅಲಗು ಉಳಿಯುವುದು ಅದರ ಒಡಲಿನೊಳಗೆ ಹರಿಯುವ ತಂಪು ಗಾಳಿಯಿಂದ. ಆ ಗಾಳಿಯ ದಾರಿಯನ್ನು ಎರಕದಲ್ಲಿ ಕೋರ್ ಇಟ್ಟು ಮಾಡಬೇಕು. ಕೋರಿನ ಕಷ್ಟ ನನಗೆ ಗೊತ್ತು. ಪುಡಿಯಲ್ಲಾದರೆ ದಾರಿಯನ್ನು ಬೇಕಾದಂತೆ ಸುತ್ತಿಸಬಹುದು. ಮುಂದೆ ಜಲಜನಕವನ್ನು ಉರಿಸಬೇಕೆಂದು ಹೊರಟಿದ್ದಾರೆ. ಅದರ ಜ್ವಾಲೆ ಬಹಳ ವೇಗದ್ದು, ಹಿಂದಕ್ಕೆ ಬರ್ನರಿನ ಗಂಟಲಿಗೇ ನುಗ್ಗುವ ಸ್ವಭಾವದ್ದು. ಅದನ್ನು ತಡೆಯುವ ಸಣ್ಣ ಸಣ್ಣ ರಂಧ್ರಗಳ ಬರ್ನರುಗಳನ್ನು ಮಾಡಲು ಈ ವಿಧಾನವನ್ನು ಬಹಳವಾಗಿ ನೆಚ್ಚಿಕೊಂಡಿದ್ದಾರೆ.

ನಮ್ಮವರ ಕೆಲಸವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ವಿಪ್ರೋ ತ್ರೀ-ಡಿ ಸಂಸ್ಥೆ ಇಸ್ರೋದವರಿಗಾಗಿ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಮುದ್ರಿಸಿಕೊಟ್ಟಿತು. ೨೦೨೪ರ ಮೇ ೯ರಂದು ಅದನ್ನು ೬೬೫ ಸೆಕೆಂಡು ಉರಿಸಿ ಪರೀಕ್ಷೆ ಮಾಡಿದರು. ಹಳೆಯ ರೀತಿಯಲ್ಲಿ ೧೪ ಭಾಗಗಳು, ೧೯ ಬೆಸುಗೆಗಳು. ಹೊಸದರಲ್ಲಿ ಒಂದೇ ತುಂಡು. ಹಳೆಯದಕ್ಕೆ ಬಡಿದ ಲೋಹವೂ ತಗಡೂ ಸೇರಿ ೫೬೫ ಕಿಲೋಗ್ರಾಮ್ ಬೇಕಾಗುತ್ತಿತ್ತು, ಹೊಸದಕ್ಕೆ ೧೩.೭ ಕಿಲೋಗ್ರಾಮ್ ಪುಡಿ. ಓದಿದಾಗ ಅಚ್ಚಿನ ದೋಷವಿರಬೇಕೆಂದು ಎರಡು ಸಲ ನೋಡಿದೆ. ರಾಕೆಟ್ಟು ನಮಗೆ ವಿದ್ಯುತ್ತು ಕೊಡದು, ನಿಜ. ಆದರೆ ಬೆಂಕಿಯನ್ನು ಹಿಡಿದಿಡುವ ಪಾತ್ರೆ ಎಂಬ ದೃಷ್ಟಿಯಿಂದ ಅದೂ ಟರ್ಬೈನಿನ ಬರ್ನರೂ ದಾಯಾದಿಗಳೇ.

ಹಾಗೆಂದು ಎಲ್ಲವನ್ನೂ ಮುದ್ರಿಸಿಬಿಡಬಹುದೆಂದು ಯಾರೂ ತಿಳಿಯಬಾರದು. ಟರ್ಬೈನಿನ ಹೊರಗವಚದಂಥ ಟನ್ನುಗಟ್ಟಲೆಯ ವಸ್ತುಗಳು ಇಂದಿಗೂ ಎರಕದವೇ. ಸಾದಾ ಫ್ಲ್ಯಾಂಜನ್ನು ಮುದ್ರಿಸುವವನು ಬೆಳ್ಳಿಯ ಸೌಟಿನಲ್ಲಿ ಗಂಜಿ ತಿರುಗಿಸುವವನು. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಹದಿಮೂರು ತುಂಡಿನ ವಸ್ತುವಿನಲ್ಲಿ ಒಂದು ತುಂಡು ಕೆಟ್ಟರೆ ಒಂದನ್ನು ಬದಲಾಯಿಸಬಹುದು. ಒಂದೇ ತುಂಡಾದ ಮೇಲೆ ಕೆಟ್ಟದ್ದು ಎಲ್ಲವೂ. ಬೆಸುಗೆಯನ್ನು ಕಣ್ಣಿಂದ, ಕೈಯಿಂದ ಪರೀಕ್ಷಿಸುತ್ತಿದ್ದೆವು. ಸಾವಿರ ಪದರಗಳ ನಡುವೆ ಒಂದೆಡೆ ಪುಡಿ ಕರಗದೆ ಉಳಿದರೆ ಹೊರಗಿನಿಂದ ತಿಳಿಯುವುದಿಲ್ಲ. ಅಂಥ ಗುಳ್ಳೆಯಿಂದಲೇ ಬಿರುಕು ಹುಟ್ಟೀತು. ಆದುದರಿಂದ ಮುಖ್ಯವಾದ ವಸ್ತುಗಳನ್ನು ಬಿಸಿಯಲ್ಲಿ ಎಲ್ಲ ಕಡೆಯಿಂದಲೂ ಅನಿಲದ ಒತ್ತಡ ಕೊಟ್ಟು ಹಿಂಡಿ, ಸಿ.ಟಿ. ಪರೀಕ್ಷೆ ಮಾಡಿ, ಜೊತೆಯಲ್ಲಿ ಮುದ್ರಿಸಿದ ತುಂಡುಗಳನ್ನು ಎಳೆದು ಮುರಿದು ನೋಡುತ್ತಾರೆ. ಮುದ್ರಿಸುವ ಖರ್ಚಿಗಿಂತ ನಂಬಿಕೆ ಗಳಿಸುವ ಖರ್ಚು ದೊಡ್ಡದು ಎಂದಳು ಮೊಮ್ಮಗಳು. ಹೆಣ್ಣು ಕೊಡುವ ಕಡೆಯವರು ವಿಚಾರಿಸಿದ ಹಾಗೆ ಎಂದು ನಾನು ಹೇಳಿದ್ದಕ್ಕೆ ಆಕೆ ಕೋಪಿಸಿಕೊಂಡಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನನ್ನ ಕಸುಬಿನ ಗತಿಯೇನೆಂದು ತಾವು ಕೇಳಬಹುದು. ಲೋಹದ ಮುದ್ರಣಕ್ಕಿಂತಲೂ ಹೆಚ್ಚಾಗಿ ಅದಕ್ಕೆ ಪೆಟ್ಟು ಕೊಟ್ಟದ್ದು ಮರಳಿನ ಮುದ್ರಣ. ಅದೇ ರಂಗೋಲಿಯ ಕ್ರಮದಲ್ಲಿ, ಲೇಸರಿನ ಬದಲು ಅಂಟಿನ ಹನಿಗಳನ್ನು ಸಿಂಪಡಿಸಿ, ಎರಕದ ಮರಳಿನ ಅಚ್ಚನ್ನೂ ಕೋರನ್ನೂ ನೇರವಾಗಿ ಕಟ್ಟುವ ಯಂತ್ರಗಳು ಈಗ ಫೌಂಡ್ರಿಗಳಲ್ಲಿಯೇ ಇವೆ. ಎರಕ ಉಳಿಯುತ್ತದೆ, ಕುಲುಮೆ ಉಳಿಯುತ್ತದೆ, ನಡುವಿನ ಬಡಿಗ ಮಾತ್ರ ಬೇಕಾಗುವುದಿಲ್ಲ. ನಮ್ಮ ಫೌಂಡ್ರಿ ಮುಚ್ಚಿದಾಗ ಅಟ್ಟದ ಮೇಲೆ ಮೂವತ್ತು ವರ್ಷದ ಪ್ಯಾಟರ್ನುಗಳಿದ್ದುವು. ತೂಕಕ್ಕೆ ಮಾರಿದರು. ಕೆಲವು ಒಲೆಗೆ ಹೋದುವು, ಕೆಲವು ಹೀಗೆ ಗೋಡೆಗಳಿಗೆ. ಅಂದು ನನಗೆ ಮರದ ಬಗ್ಗೆ ದುಃಖವಾಗಿತ್ತು. ಈಗ ತೋರುವುದೇನೆಂದರೆ, ಪ್ರತಿಯೊಂದು ಪ್ಯಾಟರ್ನಿನ ಹಿಂದೆಯೂ "ಇಲ್ಲಿ ಹೀಗೆ ಏಕೆ" ಎಂಬ ಉತ್ತರವಿತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ, ನಾನೂ ಬರೆದಿಡಲಿಲ್ಲ.

ಹೊರಡುವಾಗ ಕಾಫಿ ಮಂದಿರದ ಯಜಮಾನರನ್ನು ಕೇಳಿಕೊಂಡು ಗೋಡೆಯ ಚಕ್ರವನ್ನು ಕೆಳಗಿಳಿಸಿ ನೋಡಿದೆವು. ಹಿಂದೆ ಸೀಸದಕಡ್ಡಿಯ ಗುರುತುಗಳಿದ್ದುವು, ಹೆಸರಿರಲಿಲ್ಲ. ನಮ್ಮ ಷಾಪಿನದಲ್ಲ. ಕೆಲಸ ಚೆನ್ನಾಗಿತ್ತು. ಮೊಮ್ಮಗಳು ಅದರ ಓರೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಬೆಂಗಳೂರಿಗೆ ಹಿಂದಿರುಗಿದ ವಾರದಲ್ಲಿ ಆಕೆ ತನ್ನ ಇಂಪೆಲರಿನ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ತೆಗೆಸಿ ಅಂಚೆಯಲ್ಲಿ ಕಳುಹಿಸಿದಳು. ಪ್ರತಿ ಗೆರೆಯ ಮುಂದೆ ಅದು ಯಾರಿಗಾಗಿ ಎಂದು ಬರೆಯಬೇಕಂತೆ: ಪಂಪಿಗೋ, ಫೌಂಡ್ರಿಗೋ, ಲೇತಿಗೋ. ಊಟದ ಮೇಜಿನ ಮೇಲೆ ಹರಡಿಕೊಂಡು ಕೆಂಪು ಪೆನ್ಸಿಲಿನಿಂದ ಎರಡು ಸಂಜೆ ಬರೆದೆ. ಹೆಚ್ಚಿನವು ಸುಲಭ. ರೆಕ್ಕೆಯ ಬುಡದ ದುಂಡು ಪಂಪಿನದು, ಮುಟ್ಟಬಾರದು. ಚೂಪು ಮೂಲೆಯಿಂದ ಬಿರುಕು ಏಳುತ್ತದೆ. ಹಿಂದಿನ ತಟ್ಟೆಯ ಓರೆ ಫೌಂಡ್ರಿಯದು, ತೆಗೆಯಬಹುದು. ಹೀಗೆ ಹೋಗುತ್ತ ಹಿಂದಿನ ತಟ್ಟೆಯಲ್ಲಿ, ಗುಂಬದಿಂದ ಸ್ವಲ್ಪ ದೂರದಲ್ಲಿ, ಎರಡು ಮಿಲಿಮೀಟರ್ ಎತ್ತರದ ಒಂದು ಉಂಗುರ ಕಂಡಿತು. ಎರಕಕ್ಕೆ ಅದು ಬೇಕಿಲ್ಲ. ಲೇತಿಗೂ ಬೇಕಿಲ್ಲ. ನೀರಿನ ಒತ್ತಡವನ್ನು ತೂಗಿಸಲು ಇಟ್ಟಿರಬಹುದು, ಅಥವಾ ಹಿಂದೆ ಎಂದೋ ಒಂದು ತುಂಡು ಅಲ್ಲಿಯೇ ಮುರಿದಿದ್ದಕ್ಕೆ ಯಾರೋ ಇಟ್ಟಿರಬ�ಹುದು. ಮಾಡಿದ ಕಂಪನಿಯನ್ನು ಕೇಳೋಣವೆಂದರೆ ಕಂಪನಿಯಿಲ್ಲ.

ಅದರ ಮುಂದೆ "ಗೊತ್ತಿಲ್ಲ. ಗೊತ್ತಾಗುವ ತನಕ ತೆಗೆಯಬೇಡ" ಎಂದು ಬರೆದು ನಕ್ಷೆಯನ್ನು ಸೋಮವಾರ ಅಂಚೆಗೆ ಹಾಕಿದ್ದೇನೆ. ಮೂರನೆಯ ಮುದ್ರಣ ಮುಂದಿನ ತಿಂಗಳಂತೆ. ತಿಂಡಿಯ ವಿಚಾರ ಕೇಳಿದ ಸೋದರಿಯವರು ಕ್ಷಮಿಸಬೇಕು. ಆ ಮಂದಿರದಲ್ಲಿ ಕಾಫಿಯ ಹೊರತು ನಾವು ಏನನ್ನೂ ತೆಗೆದುಕೊಳ್ಳಲಿಲ್ಲ.